ಸೊಣ್ಣಪ್ಪನ ಕಣ್ಣಿಗಿಳಿದ ಅಮ್ಮ

ಕಣ್ಣು ಕೆಂಪಗಾಗಿರುವುದನ್ನು ಮೊದಲು ಕಂಡವನು ಕಾರ್ಖಾನೆಯ ಗೇಟಿನಲ್ಲಿ ಕೂರುವ ದಾಸಪ್ಪ. ಅವನು ಕಣ್ಣಿನ ವಿಷಯ ಏನೂ ಕೇಳಲಿಲ್ಲ. ಮೂಗನ್ನು ಸೊಣ್ಣಪ್ಪನ ಬಾಯಿಯ ಹತ್ತಿರ ತಂದು ಒಂದು ಸಲ ಮೂಸಿ, ಬೆಳಗಿನ ಈರುಳ್ಳಿಯ ವಾಸನೆ ಬಿಟ್ಟು ಬೇರೇನೂ ಸಿಗದೆ, ಕೊಂಚ ನಿರಾಸೆಯಿಂದಲೇ "ಹೋಗಿ ಸಾರ್" ಎಂದ. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಸೊಣ್ಣಪ್ಪನನ್ನು ಯಾರೂ ಮೂಸಿರಲಿಲ್ಲ. ವೈಟ್‌ಫೀಲ್ಡ್ ರಸ್ತೆಯ ಉದ್ದಕ್ಕೂ ಇರುವ ಕಾರ್ಖಾನೆಗಳನ್ನೆಲ್ಲ ಜಾಲಾಡಿದರೂ ತನ್ನಷ್ಟು ಶುದ್ಧ ನಡತೆಯ, ಮಾಲು ತಪಾಸಣೆ ಮಾಡುವ ಇನ್ಸ್‌ಪೆಕ್ಟರು ಸಿಗಲಾರ ಎಂದು ನಂಬಿಕೊಂಡವನು ಅವನು. ಬೀಡಿ ಇಲ್ಲ, ಇಸ್ಪೀಟಿಲ್ಲ, ಹೂಡಿಯ ಮನೆ ಬಿಟ್ಟರೆ ಕಾರ್ಖಾನೆ, ಕಾರ್ಖಾನೆ ಬಿಟ್ಟರೆ ಹೂಡಿಯ ಮನೆ. ಆದರೂ ದಾಸಪ್ಪನ ಮೇಲೆ ಸಿಟ್ಟು ಬರುವ ಬದಲು ಅವನಿಗೆ ಸಮಾಧಾನವೇ ಆಯಿತು. ಹೆಂಡ ಕುಡಿದಿದ್ದಾನೆ ಅಂದುಕೊಳ್ಳಲಿ, ಬೇಕಾದರೆ ಬ್ರಾಂದಿ ಅಂದುಕೊಳ್ಳಲಿ. ಅಂಗಿಯ ಒಳಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ಪು ಎದೆಗೆ ಚುಚ್ಚುತ್ತಿತ್ತು, ಅದನ್ನು ಮೂಸುವ ಮೂಗು ದಾಸಪ್ಪನಿಗಿರಲಿಲ್ಲ. ಸೊಣ್ಣಪ್ಪ ಜೇಬು ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಆಗಲೇ ನೆನಪಾಗಿ, ಕೈಯನ್ನು ಅಲ್ಲಿಂದ ತೆಗೆದು ತಲೆ ಕೆರೆದುಕೊಂಡ.

ಮಾತ್ರೆ ಯಾತಕ್ಕೆ ಎಂದರೆ, ಒಂದಕ್ಕೆ ಹೋದಾಗ ಉರಿ. ಇಷ್ಟೇ. ಬೇರೆಯವರಿಗೆ ಬಂದಿದ್ದರೆ ಉಷ್ಣ ಎಂದು ಎಳನೀರು ಕುಡಿದು ಸುಮ್ಮನಾಗುತ್ತಿದ್ದರು. ಆದರೆ ಈ ಉರಿ ಬಂದದ್ದು ಕೊಯಮತ್ತೂರಿನಿಂದ ವಾಪಸಾದ ಹದಿನಾರನೆಯ ದಿನ. ಅಲ್ಲಿನ ಫೌಂಡ್ರಿಯಿಂದ ಬರುವ ಎರಕದ ಮಾಲನ್ನು ನೋಡಿ ಪಾಸು ಮಾಡಿ ಬನ್ನಿ ಎಂದು ಕಾರ್ಖಾನೆಯವರು ಅವನನ್ನೂ ಸ್ಟೋರ್ಸಿನ ಪಾಪಯ್ಯನನ್ನೂ ಒಂದು ವಾರ ಕಳಿಸಿದ್ದರು. ಕೊನೆಯ ದಿನ ಸಂಜೆ ಪಾಪಯ್ಯ "ಬಾ ಗುರು, ಊರು ನೋಡ್ಕೊಂಡ್ ಬರಣ" ಎಂದು ಕರೆದುಕೊಂಡು ಹೋದ ಬೀದಿಯಲ್ಲಿ ಗಿರಾಕಿಗೆ ಕಾಯುವ ಹೆಂಗಸರನ್ನು ಬಿಟ್ಟರೆ ಊರಿನ ಬೇರೇನೂ ಇರಲಿಲ್ಲ. ಪಾಪಯ್ಯ ಒಳಗೆ ಹೋದ. ಸೊಣ್ಣಪ್ಪ ಪಾಪಯ್ಯನ ಕೈಚೀಲ ಹಿಡಿದು ಹೊರಗೆ ನಿಂತ, ಅರ್ಧ ಗಂಟೆ. ದೇವರಾಣೆಗೂ ನಿಂತದ್ದಷ್ಟೇ. ಆದರೆ ನಿಂತವನು ಕಣ್ಣು ಮುಚ್ಚಿ ನಿಂತಿರಲಿಲ್ಲ. ಎದುರು ಬಾಗಿಲಿನ ಹೆಂಗಸು ಹೂ ಮುಡಿಯುತ್ತ ಇವನ ಕೈಚೀಲ ನೋಡಿ, ತರಕಾರಿಗೆ ಬಂದವನೆಂದುಕೊಂಡಳೋ ಏನೋ, ನಕ್ಕಳು, ಅವನೂ ನಕ್ಕುಬಿಟ್ಟ. ಆ ನಗು ತನ್ನ ಮುಖಕ್ಕೆ ಹೇಗೆ ಬಂತು, ಯಾರ ಅಪ್ಪಣೆ ಕೇಳಿ ಬಂತು ಎಂದು ಹದಿನಾರು ದಿನ ತನಿಖೆ ಮಾಡಿದ್ದ. ತನಿಖೆ ಮುಗಿಯುವ ಮೊದಲೇ ಶಿಕ್ಷೆ ಬಂದಿತ್ತು. ನೋಡಿದ್ದಕ್ಕೆ ಕಾಯಿಲೆ ಬರುತ್ತದೆಯೇ? ಬರುವುದಿಲ್ಲ ಎಂದು ಅವನ ತಲೆಗೆ ಗೊತ್ತು. ತಲೆಗೆ ಗೊತ್ತಿದ್ದದ್ದು ಕೆಳಗಿನ ಉರಿಗೆ ಗೊತ್ತಿರಲಿಲ್ಲ. ಕಾರ್ಖಾನೆಯವರ ಡಿಸ್ಪೆನ್ಸರಿಗೆ ಹೋಗುವಂತಿಲ್ಲ, ಅಲ್ಲಿಯ ಕಾಂಪೌಂಡರು ಸೊಣ್ಣಪ್ಪನ ಹೆಂಡತಿಯ ಊರಿನವನು. ಹಾಗಾಗಿ ಯಾರೂ ಗುರುತಿಸದ ಶಿವಾಜಿನಗರಕ್ಕೆ ಹೋಗಿ, ಯಾರೂ ಗುರುತಿಸದಂತೆ ಮಫ್ಲರ್ ಬೇರೆ ಸುತ್ತಿಕೊಂಡು, ಮೇ ತಿಂಗಳಲ್ಲಿ, ಒಬ್ಬ ಡಾಕ್ಟರ ಮುಂದೆ ಕೂತ. ಡಾಕ್ಟರು "ದಿನಕ್ಕೆ ನೀರು ಎಷ್ಟು ಕುಡೀತೀರಿ?" ಎಂದು ಕೇಳಿದ್ದನ್ನು ಉಪಚಾರದ ಮಾತೆಂದುಕೊಂಡ. "ಮದುವೆ ಆಗಿದೆಯಾ?" ಎಂದು ಕೇಳಿದ್ದು ಮಾತ್ರ ಜಡ್ಜು ಕೇಳಿದಂತೆ ಕೇಳಿಸಿತು. ದಿನಕ್ಕೆ ಎರಡರಂತೆ ಹತ್ತು ದಿನ ಎಂದು ಬರೆದ ಮಾತ್ರೆಯನ್ನು ಅವನು ಔಷಧಿಯೆಂದಲ್ಲ, ದಂಡವೆಂದು ನುಂಗುತ್ತಿದ್ದ. ಇವತ್ತಿಗೆ ಐದನೆಯ ದಿನ.

ತನ್ನ ಮೇಜಿನ ಮುಂದೆ ಕೂತು ಭೂತಗನ್ನಡಿ ಹಿಡಿದರೆ ಯಂತ್ರಕ್ಕೆ ಹೋಗುವ ಕಬ್ಬಿಣದ ಉಂಗುರಗಳ ಅಂಚು ನೀರಿನೊಳಗೆ ಅಲ್ಲಾಡಿದಂತೆ ಅಲ್ಲಾಡಿತು. ಕಣ್ಣಿನಲ್ಲಿ ಮರಳು ಕೂತಂತೆ, ಟ್ಯೂಬ್‌ಲೈಟಿನ ಬೆಳಕು ಹಿಂದಿನಿಂದ ಸೂಜಿ ಹಾಕಿದಂತೆ. ಕೂದಲೆಳೆಯಷ್ಟು ಹೆಚ್ಚು ಕಮ್ಮಿಯಾದರೂ ಉಂಗುರಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು ಅವನ ಕೆಲಸ, ಅದಕ್ಕಾಗಿ ಇಡೀ ಶಾಪಿನವರು ಅವನ ಕಣ್ಣಿಗೆ ಬೀಳದೆ ಓಡಾಡುತ್ತಿದ್ದರು. ಅವತ್ತು ಬೇರೆಯೇ ಆಯಿತು. ಮದ್ರಾಸ್ ಐ ಬಂದವರ ಕಣ್ಣು ನೋಡಿದರೆ ನೋಡಿದವರಿಗೂ ಅಂಟುತ್ತದೆ, ಅಂಟಿದರೆ ಒಂದು ವಾರ ಸಂಬಳದ ರಜೆ ಸಿಗುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಬಾಯಿಪಾಠ. ಹತ್ತು ಗಂಟೆಯ ಟೀ ಹೊತ್ತಿಗೆ ಲೇತಿನವರು, ಗ್ರೈಂಡಿಂಗಿನವರು ಸಾಲಾಗಿ ಬಂದು ಅವನ ಮುಂದೆ ನಿಂತರು. "ಸಾರ್, ಸ್ವಲ್ಪ ಈ ಕಡೆ ನೋಡಿ ಸಾರ್." "ಸಾರ್, ನಮ್ಮಕ್ಕನ ಮಗಳ ಮದುವೆ ಐತೆ, ನಮ್ಮನ್ನೂ ಒಂದ್ ಗಳಿಗೆ ದಿಟ್ಟಿಸಿ." ಒಬ್ಬ ಅವನ ಕರ್ಚೀಫನ್ನು ಎತ್ತಿಕೊಂಡು ತನ್ನ ಕಣ್ಣಿಗೆ ಒತ್ತಿಕೊಂಡು ಭಕ್ತಿಯಿಂದ ವಾಪಸು ಕೊಟ್ಟ. ಪಾಪಯ್ಯ ಮಾತ್ರ ಎಲ್ಲರೂ ಹೋದ ಮೇಲೆ ಬಂದು, ಬಗ್ಗಿ ಕಣ್ಣು ನೋಡಿ, ದನಿ ತಗ್ಗಿಸಿ "ಮಗಾ, ನಿಂತ್ಕಂಡಿದ್ದಕ್ಕೇ ಇಂಗಾದ್ರೆ ಒಳಗ್ ಬಂದಿದ್ರೆ ಏನ್ ಕತೆ!" ಎಂದು ಹಲ್ಲು ಕಿರಿದ. ಪಾಪಯ್ಯನ ಕಣ್ಣು ಹಾಲಿನಷ್ಟು ಬೆಳ್ಳಗಿದ್ದವು. ಸೊಣ್ಣಪ್ಪನಿಗೆ ಅವನನ್ನು ಕೆಂಪು ಬಣ್ಣ ಬಳಿದು ಎಸೆಯಬೇಕೆನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಸೂಪರ್‌ವೈಸರು ರಜೆಯ ಚೀಟಿ ಕೊಟ್ಟು, ವಾಪಸು ಬರುವಾಗ ಕಣ್ಣಿನ ಡಾಕ್ಟರ ಸರ್ಟಿಫಿಕೇಟು ತರದೆ ಮೇಜು ಮುಟ್ಟಬಾರದೆಂದು ಹೇಳಿ ಕಳಿಸಿದರು.

ಮನೆಯ ಬಾಗಿಲಲ್ಲಿ ರಾಗಿ ಕೇರುತ್ತಿದ್ದ ತಾಯಿ ಚಿಕ್ಕಮುನಿಯಮ್ಮ ಮೊರ ಕೆಳಗಿಟ್ಟಳು. ಹತ್ತಿರ ಬಂದು ಅವನ ಗಲ್ಲ ಹಿಡಿದು ಎತ್ತಿ ನೋಡಿದಳು. ಆಮೇಲೆ ನಲವತ್ತು ವರ್ಷದ ಮಗನ ಅಂಗಿಯ ಗುಂಡಿಯನ್ನು ಬೀದಿಯಲ್ಲಿಯೇ ಬಿಚ್ಚಿದಳು. ಎದೆಯ ಮೇಲೆ ಸಣ್ಣ ಸಣ್ಣ ಕೆಂಪು ಗಂಧೆಗಳು ಎದ್ದಿದ್ದವು, ಅವನೇ ನೋಡಿರಲಿಲ್ಲ. "ಬಂದ್ಬುಟ್ಲಲ್ಲೋ ನನ್ ತಾಯಿ! ಕಣ್ಗೇ ಇಳ್ದವ್ಳೆ! ಕೈ ಮುಗಿಲಾ, ಮದ್ಲು ಕೈ ಮುಗಿ" ಎಂದು ತಾನೇ ಮುಗಿದಳು, ಅವನಿಗೆ. ಸೊಣ್ಣಪ್ಪ ಮೊದಲು ಮಾಡಿದ್ದು ಜೇಬಿನ ಸ್ಟ್ರಿಪ್ಪನ್ನು ಅಂಗೈಯೊಳಗೆ ಮುಚ್ಚಿಕೊಂಡದ್ದು. ಹೋದ ವರ್ಷ ಮಗಳಿಗೆ ಸೀತಾಳೆ ಸಿಡುಬು ಬಂದಾಗ ಇದೇ ಬಾಗಿಲಲ್ಲಿ ನಿಂತು, ಅಮ್ಮನೂ ಇಲ್ಲ ಗಿಮ್ಮನೂ ಇಲ್ಲ, ಅದು ವೈರಸ್ಸು, ಕಣ್ಣಿಗೆ ಕಾಣದ ಹುಳ ಎಂದು ತಾಯಿಗೆ ಅರ್ಧ ಗಂಟೆ ಪಾಠ ಹೇಳಿ, ಬೇವಿನ ಸೊಪ್ಪು ಕಿತ್ತೆಸೆದಿದ್ದ. ಈಗಲೂ ಪಾಠ ಹೇಳಬಹುದಿತ್ತು. ಹೇಳಿದರೆ ಡಾಕ್ಟರ ಹತ್ತಿರ ಹೋಗೋಣ ನಡಿ ಎನ್ನುತ್ತಾರೆ, ಡಾಕ್ಟರು ಏನು ತಿಂದೆ ಎನ್ನುತ್ತಾನೆ, ಯಾತಕ್ಕೆ ತಿಂದೆ ಎನ್ನುತ್ತಾನೆ. ವಿಜ್ಞಾನದ ದಾರಿ ನೇರವಾಗಿ ಕೊಯಮತ್ತೂರಿಗೆ ಹೋಗುತ್ತಿತ್ತು. ಅವನು ಕೈ ಮುಗಿದ. "ಓದ್ ವರ್ಸ ಬೈದಿದ್ನಲ್ಲ, ಅದ್ಕೇ ಉಡುಕ್ಕಂಡ್ ಬಂದವ್ಳೆ" ಎಂದು ಚಿಕ್ಕಮುನಿಯಮ್ಮ ಸೊಸೆಗೆ ಹೇಳಿದಳು, ದುಃಖದಿಂದ, ಆದರೆ ಅಷ್ಟೇನೂ ದುಃಖದಿಂದಲ್ಲ.

ಬಾಗಿಲಿಗೆ ಬೇವು ಕಟ್ಟಿದರು. ಒಗ್ಗರಣೆ ನಿಂತಿತು, ಮಾಂಸ ನಿಂತಿತು, ಮನೆಗೆ ಚಪ್ಪಲಿ ಬರುವುದು ನಿಂತಿತು. ಎಲ್ಲಕ್ಕಿಂತ ಮುಖ್ಯವಾಗಿ, ಅಮ್ಮ ಇರುವ ಮನೆಯಲ್ಲಿ ಔಷಧಿಯ ಹೆಸರೆತ್ತುವಂತಿಲ್ಲ, ಎತ್ತಿದರೆ ಅವಳು ಮುನಿದು ಕಣ್ಣನ್ನೇ ತೆಗೆದುಕೊಂಡು ಹೋಗುತ್ತಾಳೆ. ಬೇವಿನೆಲೆ ಹಾಸಿದ ಚಾಪೆಯ ಮೇಲೆ ಸೊಣ್ಣಪ್ಪ ಬನಿಯನ್ನಿಲ್ಲದೆ ಮಲಗಿದ. ಹೆಂಡತಿ ಅನುಸೂಯಮ್ಮ ಹೊತ್ತುಹೊತ್ತಿಗೆ ಅಂಬಲಿ, ಎಳನೀರು, ಮಜ್ಜಿಗೆ ತಂದಿಟ್ಟು, ತಾನೂ ಒಂದು ಸಲ ಕೈ ಮುಗಿದು ಹೋಗುತ್ತಿದ್ದಳು. ಹದಿನೈದು ವರ್ಷದಲ್ಲಿ ಅವಳು ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಕೇರಿಯ ಹೆಂಗಸರು ಹೊಸಲಿನಾಚೆಯಿಂದಲೇ ಅರಿಶಿನದ ನೀರು ಚಿಮುಕಿಸಿ, "ತಾಯಿ, ತಣ್ಣಗಿರವ್ವ" ಎಂದು ಅವನನ್ನು ಬೇಡಿಕೊಂಡರು. ಅವ್ವ ಎನ್ನಿಸಿಕೊಂಡು ಅಂಗಾತ ಬಿದ್ದಿದ್ದ ಸೊಣ್ಣಪ್ಪನಿಗೆ ನಾಚಿಕೆಯಿಂದ ಕಾಲಿನ ಬೆರಳು ಮಡಚಿಕೊಳ್ಳುತ್ತಿದ್ದವು. ಆದರೆ ವೈಜ್ಞಾನಿಕ ಮನೋಭಾವ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಹಿತ್ತಲಿನ ಕೊಟ್ಟಿಗೆಯಲ್ಲಿ ಬಿಟ್ಟಿದ್ದ ಕಾರ್ಖಾನೆಯ ಬೂಟಿನೊಳಗೆ ಸ್ಟ್ರಿಪ್ಪು ತುರುಕಿಟ್ಟಿದ್ದ. ಬೆಳಿಗ್ಗೆ ಒಂದು, ಸಂಜೆ ಒಂದು, ಚೊಂಬು ಹಿಡಿದು ಹಿತ್ತಲಿಗೆ ಹೋದಾಗ ನುಂಗಿ ಬರುತ್ತಿದ್ದ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಕಣ್ಣು ಮುಚ್ಚುವುದೇನೂ ಕಷ್ಟವಾಗಿರಲಿಲ್ಲ, ತೆರೆಯುವುದೇ ಕಷ್ಟವಾಗಿತ್ತು. ಎರಡನೆಯ ದಿನ ಬಾಗಿಲ ಬೆಳಕು ನೋಡಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅನುಸೂಯಮ್ಮ ಎದುರು ನಿಂತಿದ್ದರೆ ಸೀರೆ ಕಂಡಿತು, ಮುಖ ಕಾಣಲಿಲ್ಲ.

ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಕಣ್ಣು ಹೋದ ಇನ್ಸ್‌ಪೆಕ್ಟರನಿಗೆ ಯಾವ ಕಾರ್ಖಾನೆಯಲ್ಲಿ ಕೆಲಸ? ಉಂಗುರವನ್ನು ನಾಲಿಗೆಯಿಂದ ನೆಕ್ಕಿ ನೋಡುವುದೇ? ಎದ್ದು ಕೂತು, ಎಲ್ಲವನ್ನೂ ಹೇಳಿಬಿಡುತ್ತೇನೆ, ಈಗಲೇ ಹೇಳುತ್ತೇನೆ ಎಂದು ಬಾಯಿ ತೆರೆದ. "ಅನುಸೂಯಾ..." ಎಂದ. "ಏನ್ರೀ?" ಎಂದಳು ಅವಳು, ಸೀರೆಯ ಬಣ್ಣ ಹತ್ತಿರ ಬಂತು. "ಮಜ್ಜಿಗೆ" ಎಂದ. ಬಾಯಿಗೆ ಬಂದದ್ದು ಅದು. ಕೆಳಗಿನ ಕಾಯಿಲೆಯೇ ಕಣ್ಣಿಗೂ ಏರಿರಬೇಕು, ಮುಂದಿನ ಮಾತ್ರೆಯನ್ನು ಬೇಗ ನುಂಗಿದರೆ ಬೇಗ ಗುಣವಾದೀತೆಂದು ಕೊಟ್ಟಿಗೆಗೆ ತಡವರಿಸಿಕೊಂಡು ಹೋಗಿ ಬೂಟಿನೊಳಗೆ ಕೈ ಹಾಕಿದರೆ ಸ್ಟ್ರಿಪ್ಪಿಲ್ಲ. ಇನ್ನೊಂದು ಬೂಟಿನಲ್ಲೂ ಇಲ್ಲ. ಹಸುವಿನ ಕಾಲ ಬುಡದಲ್ಲಿ ಕೂತು, ನೆಲದ ಸೆಗಣಿಯನ್ನು ಬೆರಳಿನಿಂದ ತಡವಿ ನೋಡಿದ. ಯಾರನ್ನು ಕೇಳುವುದು, ಏನೆಂದು ಕೇಳುವುದು? ತಾಯಿಯೇ ತೆಗೆದು ಬಾವಿಗೆ ಎಸೆದಿರಬೇಕು. ಆ ದಿನದಿಂದ ಅವನ ಮೈಗೆ ಔಷಧಿ ಸೇರಲಿಲ್ಲ. ಬರೀ ಅಂಬಲಿ, ಎಳನೀರು, ಮಜ್ಜಿಗೆ, ಮತ್ತೆ ಅಂಬಲಿ. ಎರಡು ದಿನ ಕಳೆದ ಮೇಲೆ ಅನುಸೂಯಮ್ಮನ ಮೂಗುಬೊಟ್ಟು ಕಂಡಿತು. ಇನ್ನೆರಡು ದಿನಕ್ಕೆ ಮುಖವೂ ಕಂಡಿತು, ಯಾಕೋ ಸ್ವಲ್ಪ ಇಳಿದುಹೋಗಿತ್ತು. ಎದೆಯ ಗಂಧೆ ಒಣಗಿತು. ಇಷ್ಟು ಸಾಲದೆಂಬಂತೆ, ಚೊಂಬುಗಟ್ಟಲೆ ಎಳನೀರು ಇಳಿದು ಇಳಿದು, ಆ ಇನ್ನೊಂದು ಉರಿಯೂ ಹೇಳದೆ ಕೇಳದೆ ನಿಂತೇ ಹೋಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಸೊಣ್ಣಪ್ಪ ತನ್ನಷ್ಟಕ್ಕೆ ವಾದಿಸಿಕೊಂಡ. ಆದರೆ ಒಂದೇ ಕಾಗೆ ಎರಡು ಕೊಂಬೆ ಮುರಿದಿತ್ತು. ಬೇವಿನ ನೀರು ಹಾಕಿದ ದಿನ ಚಿಕ್ಕಮುನಿಯಮ್ಮ ಕೇರಿಯವರಿಗೆಲ್ಲ "ಒಂದ್ ಗುಳ್ಗೆ ಮುಟ್ಲಿಲ್ಲ ನನ್ ಮಗ" ಎಂದು ಹೇಳಿಕೊಂಡು ಬಂದಳು.

ಸರ್ಟಿಫಿಕೇಟಿಗೆಂದು ಪೇಟೆಯ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋದ. ಡಾಕ್ಟರು ಹೆಂಗಸು, ವಯಸ್ಸಾದವರು, ಸುಮ್ಮನೆ ಮಾತಾಡುವವರಲ್ಲ. ಯಂತ್ರದ ಮೇಲೆ ಅವನ ಗಲ್ಲ ಇಡಿಸಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಜೀವಮಾನವಿಡೀ ನೋಡುವವನಾಗಿದ್ದ ಸೊಣ್ಣಪ್ಪನಿಗೆ ನೋಡಿಸಿಕೊಳ್ಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. "ಇದು ಮದ್ರಾಸ್ ಐ ಅಲ್ಲ. ಊತ ಇದ್ದಿದ್ದು ಕಣ್ಣಿನ ಒಳಗೆ, ಇನ್ನೂ ಪೂರ್ತಿ ಇಳಿದಿಲ್ಲ" ಎಂದರು. "ಮೈಮೇಲೆ ಗಂಧೆ ಎದ್ದಿತ್ತಾ?" ಎದ್ದಿತ್ತು ಎಂದ. "ಯಾವ ಮಾತ್ರೆ ತಗೊಂಡ್ರಿ?" ಯಾವುದೂ ಇಲ್ಲ ಎಂದ. ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ನನಗೆ ಹೇಳದಿದ್ರೆ ಪರವಾಗಿಲ್ಲ. ಆದ್ರೆ ಅದನ್ನೇ ಇನ್ನೊಂದು ಸಲ ನುಂಗಿದ್ರೆ, ಆಮೇಲೆ ಅದರ ಮೇಲಿನ ಹೆಸರು ಓದೋಕೆ ನಿಮಗೆ ಕಣ್ಣಿರಲ್ಲ. ಕಣ್ಣೇನು, ಕೆಲವರ ಪ್ರಾಣಾನೇ ಹೋಗುತ್ತೆ." ಸೊಣ್ಣಪ್ಪ ಗೋಡೆಯ ಕಡೆ ತಿರುಗಿ ಮಾತ್ರೆಯ ಹೆಸರು ಹೇಳಿದ, ಇನ್ನೂ ಸ್ವಲ್ಪ ತಿರುಗಿ ಯಾತಕ್ಕೆಂಬುದನ್ನೂ ಹೇಳಿದ. ಡಾಕ್ಟರ ಹುಬ್ಬು ಕೂಡ ಏರಲಿಲ್ಲ. "ಸಲ್ಫಾ. ನಿಮಗೆ ಒಗ್ಗಲ್ಲ. ನೀರು ಕಮ್ಮಿ ಕುಡಿಯೋರಿಗೆ ಆ ಉರಿ ಬರೋದು ಸಹಜ" ಎಂದು, ನೆಗಡಿಯ ವಿಷಯ ಬರೆದಂತೆ, ಚೀಟಿಯಲ್ಲಿ ಅರ್ಧ ಸಾಲು ಇಂಗ್ಲಿಷಿನಲ್ಲಿ ಬರೆದು ಮುಗಿಸಿದರು. ಒಂದು ತಿಂಗಳು ಅವನು ಹೊತ್ತುಕೊಂಡು ತಿರುಗಿದ ಪಾಪ ಅರ್ಧ ಸಾಲಿಗಿಂತ ಹೆಚ್ಚು ಬೆಳೆಯಲಿಲ್ಲ. ಅವನಿಗೆ ಖುಷಿಯೂ ಆಯಿತು, ಒಂಥರಾ ಅವಮಾನವೂ ಆಯಿತು. "ಇದನ್ನ ಮನೆಯವರಿಗೆ ಹೇಳಿ. ನಿಮಗೆ ಎಚ್ಚರ ತಪ್ಪಿದಾಗ ಆಸ್ಪತ್ರೆಗೆ ಹೊತ್ಕೊಂಡು ಬರೋರಿಗೆ ಇದು ಗೊತ್ತಿರಬೇಕು" ಎಂದರು ಡಾಕ್ಟರು.

ಬಸ್ಸಿನಲ್ಲಿ ಕೆ.ಆರ್. ಪುರ ದಾಟುವವರೆಗೂ ಅವನು ಹೇಳುವ ಮಾತನ್ನು ಜೋಡಿಸುತ್ತಿದ್ದ. ಸಲ್ಫಾ ತಿನ್ನಬಾರದು ಎಂದರೆ ಯಾಕೆ ತಿಂದೆ ಎನ್ನುತ್ತಾರೆ. ಉರಿ ಎಂದರೆ ಯಾಕೆ ಮುಚ್ಚಿಟ್ಟೆ ಎನ್ನುತ್ತಾರೆ. ಮುಚ್ಚಿಟ್ಟದ್ದಕ್ಕೆ ಅವನ ಹತ್ತಿರ ಒಂದು ನಗುವಿನ ಹೊರತು ಕಾರಣವಿರಲಿಲ್ಲ, ಅದನ್ನು ಯಾವ ಹೆಂಡತಿಗೆ ಹೇಳುವುದು? ಮಹದೇವಪುರ ಬರುವ ಹೊತ್ತಿಗೆ ಉಪಾಯ ಹೊಳೆಯಿತು, ಹೊಳೆದದ್ದಕ್ಕೆ ಅವನೇ ಒಂದು ಕ್ಷಣ ನಾಚಿದ, ಆಮೇಲೆ ಅದರ ಅಚ್ಚುಕಟ್ಟುತನಕ್ಕೆ ಮೆಚ್ಚಿದ. ಮನೆಯಲ್ಲಿ ಅಮ್ಮನಿಗೆ ತಂಬಿಟ್ಟು ಮಾಡಲು ಅತ್ತೆ ಸೊಸೆ ಇಬ್ಬರೂ ಅಕ್ಕಿ ಹಿಟ್ಟಿಗೆ ಬೆಲ್ಲ ಕಲೆಸುತ್ತಿದ್ದರು. ಸೊಣ್ಣಪ್ಪ ಕೈಕಾಲು ತೊಳೆದು ಬಂದು, ಗಂಟಲು ಸರಿಮಾಡಿಕೊಂಡು, "ಅವ್ವಾ, ಬೆಳಗಿನ ಜಾವ ಅಮ್ಮ ಕನಸ್ನಾಗೆ ಬಂದಿದ್ಲು" ಎಂದ. ಚಿಕ್ಕಮುನಿಯಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. "ಯಾವ್ ಸೀರೆ ಉಟ್ಟಿದ್ಲು?" "ಅರಿಶಿನದ್ದು." "ನಗ್ತಿದ್ಲಾ, ಮುನಿಸ್ಕಂಡಿದ್ಲಾ?" "ನಗ್ತಿದ್ಲು" ಎಂದ. ಸುಳ್ಳು ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ ತಾನು ನಿಜವಾಗಿಯೂ ಕಂಡೆನೇನೋ ಎನ್ನಿಸಿತು. "ಸಲ್ಫಾ ಅನ್ನೋ ಗುಳ್ಗೆ ನಿನ್ ಮೈಗೆ ಯಾವತ್ತೂ ಸೇರ್‌ಬಾರ್ದು, ಯಾವ್ ಡಾಕ್ಟ್ರು ಕೊಟ್ರೂ ಸೇರ್‌ಬಾರ್ದು, ಮನೆಯೋರ್‌ಗೆಲ್ಲ ಯೋಳ್‌ಬುಡು ಅಂದ್ಲು." ಚಿಕ್ಕಮುನಿಯಮ್ಮ ಆ ಹೆಸರನ್ನು ಮೂರು ಸಲ ಬಾಯಲ್ಲಿ ಹೇಳಿಕೊಂಡು ಗಟ್ಟಿ ಮಾಡಿದಳು, ಮಂತ್ರದ ಹಾಗೆ, ಒಂದಕ್ಷರ ತಪ್ಪದೆ. ಅನುಸೂಯಮ್ಮ ಬೆಲ್ಲದ ಹೆಂಟೆಯೊಂದನ್ನು ಬೆರಳಿನಿಂದ ಪುಡಿ ಮಾಡುತ್ತ ಕೂತಿದ್ದಳು.

ಅತ್ತೆ ಹೂ ತರಲು ಮುಂಬಾಗಿಲಿಗೆ ಎದ್ದು ಹೋದ ಮೇಲೆ ಅವಳು ತಲೆ ಎತ್ತದೆ, "ಅಮ್ಮ ಇಂಗ್ಲೀಸೂ ಕಲ್ತವ್ಳಾ?" ಎಂದಳು. ಸೊಣ್ಣಪ್ಪ ನಗಲು ಹೋದ, ನಗು ಅರ್ಧಕ್ಕೆ ನಿಂತಿತು. "ಆ ಗುಳ್ಗೆ ನಾನೇ ತಗ್ದಿದ್ದು, ನಿಮ್ ಬೂಟ್ನಿಂದ. ನೀವು ಇತ್ಲಿಂದ ಬಂದ್ ಒಂದ್ ಗಂಟೆಗೆಲ್ಲ ಕಣ್ಣು ಇನ್ನೂ ರಕ್ತ ಆಗ್ತಿತ್ತು. ಮೂರ್ ದಿನ ನೋಡ್ದೆ. ಗುಳ್ಗೇನೇ ಆಗ್ತಿಲ್ಲ ಅಂತ ಗೊತ್ತಾಯ್ತು, ತಗ್ದೆ." ಗುಣ ಮಾಡಿದ್ದು ಯಾರೆಂದು ಸೊಣ್ಣಪ್ಪನಿಗೆ ಈಗ ತಿಳಿಯಿತು. ಅಮ್ಮನಲ್ಲ, ಕಾಗೆಯಲ್ಲ, ಹಿತ್ತಲ ಬಾಗಿಲಲ್ಲಿ ನಿಂತು ಇವಳು, ತಾನು ಉಂಗುರವನ್ನು ಭೂತಗನ್ನಡಿ ಹಿಡಿದು ನೋಡಿದಂತೆ, ತನ್ನನ್ನು ನೋಡುತ್ತಿದ್ದಳು. "ಆಮ್ಯಾಕೆ ಅದ್ನ ಸೆರಗ್ನಾಗೆ ಕಟ್ಕಂಡು ವರ್ತೂರಿನ ನರ್ಸು ಮರಿಯಮ್ಮನ ತಾವ ಓದೆ. ಇದ್ ಯಾತಕ್ ಕೊಡ್ತಾರೆ ಅಂತ ಕೇಳ್ದೆ. ಆಯಮ್ಮ ನಾಕೈದು ಕಾಯ್ಲೆ ಯೋಳಿದ್ಲು. ಒಂದು ಉರಿ. ಇನ್ನೊಂದು ಕೆಟ್ ಹೆಂಗಸ್ರ ತಾವ ಓಗಿಬಂದೋರ್‌ಗೆ ಬರೋದು. ನಿಮ್ದು ಯಾವ್ದು ಅಂತ ಅವತ್ತಿಂದ ನಾನೂ ನಿದ್ದೆ ಮಾಡಿಲ್ಲ. ಇವತ್ತು ಯೋಳ್ತಾರೆ, ನಾಳೆ ಯೋಳ್ತಾರೆ ಅಂತ ಕಾಯ್ತಿದ್ರೆ, ಆ ದ್ಯಾವ್ರ ಬಾಯಿಂದ ಯೋಳಿಸ್ತೀರಲ್ರೀ." ಅವಳ ದನಿ ಏರಲಿಲ್ಲ. ಅಂಬಲಿ ತಂದಿಟ್ಟು ಕೈ ಮುಗಿದು ಹೋಗುತ್ತಿದ್ದ ಪ್ರತಿ ಸಲವೂ ಇದನ್ನು ಒಳಗೆ ಇಟ್ಟುಕೊಂಡೇ ಮುಗಿದಿದ್ದಳೆಂಬುದು ಅವನಿಗೆ ಆಗ ಅರ್ಥವಾಯಿತು. ತನ್ನ ಬಗ್ಗೆ ಅವನಿಗೆ ಹೇಸಿಗೆಯಾಯಿತು.

"ಉರಿ ಕಣೇ, ಬರೀ ಉರಿ. ನೀರ್ ಕಮ್ಮಿ ಕುಡ್ದಿದ್ದಕ್ಕೆ. ಡಾಕ್ಟ್ರಮ್ಮನೇ ಬರ್ದವ್ರೆ, ನೋಡು" ಎಂದು ಜೇಬಿನಿಂದ ಚೀಟಿ ತೆಗೆದ. "ನಂಗೇನ್ ಬತ್ತದೆ, ನೀವೇ ಓದಿ" ಎಂದಳು. ಅವನು ಇಂಗ್ಲಿಷಿನಲ್ಲಿದ್ದ ಅರ್ಧ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿದ. ಇದ್ದದ್ದನ್ನು ಇದ್ದಂತೆಯೇ ಓದಿದ, ಒಂದು ಮಾತೂ ಸೇರಿಸಲಿಲ್ಲ. "ಇನ್ನೊಂದ್ಸಲ ಓದಿ." ಓದಿದ. ಅವಳು ಚೀಟಿಯ ಕಡೆ ನೋಡುತ್ತಿರಲಿಲ್ಲ, ಅವನ ಕಣ್ಣನ್ನು ನೋಡುತ್ತಿದ್ದಳು. ಓದುತ್ತಿರುವುದು ಸತ್ಯವೇ ಆಗಿದ್ದರೂ ಅವನ ನಾಲಿಗೆ ತೊದಲಿತು, ಕಣ್ಣು ತಾನಾಗಿಯೇ ತುಂಬಿಕೊಂಡು ಪಿಳಿಪಿಳಿ ಮಾಡಿದವು. ಅರಿಶಿನದ ಸೀರೆಯ ಸುಳ್ಳು ಎಷ್ಟು ಚೆಂದವಾಗಿ ಬಂದಿತ್ತು! "ನಾಳೆ ಆ ಡಾಕ್ಟ್ರಮ್ಮನ ತಾವ ನಾನೂ ಬತ್ತೀನಿ. ಆಯಮ್ಮನ ಬಾಯಲ್ಲೇ ಕೇಳ್ತೀನಿ" ಎಂದು ಅನುಸೂಯಮ್ಮ ಕೈಯ ಹಿಟ್ಟು ಉದುರಿಸಿಕೊಂಡು ಎದ್ದಳು. "ಬಾ, ಬಂದು ಕೇಳು" ಎಂದ ಸೊಣ್ಣಪ್ಪ, ತನ್ನ ಪರವಾಗಿ ಸತ್ಯ ಹೇಳಲು ಒಬ್ಬರಾದರೂ ಇದ್ದಾರಲ್ಲ ಎಂದು ಉಸಿರು ಬಿಡುತ್ತ. "ಬಸ್ ಎಷ್ಟೊತ್ಗೆ?" ಎಂದು ಕೇಳಿದಳು. "ಏಳೂವರೆಗೆ." ಅವಳು ಅವನ ಕಣ್ಣನ್ನು ಇನ್ನೊಂದು ಸಲ ನೋಡಿದಳು. ಆಮೇಲೆ ಮುಂಬಾಗಿಲ ಕಡೆ ತಿರುಗಿ, "ಅತ್ತೇ, ಬೆಳಿಗ್ಗೆ ಪ್ಯಾಟೆಗೆ ಬಸ್ಸು ಎಷ್ಟೊತ್ಗೆ ಐತೆ?" ಎಂದು ಕೂಗಿ ಕೇಳಿದಳು.